ನಮ್ಮ ಇಗರ್ಜಿಯ ಬದಿಬಾಗಿಲು

ಇಗರ್ಜಿಯ ಕೆಲಸಕ್ಕೆ ಸೇರುವವರು ಮೊದಲು ಕಲಿಯಬೇಕಾದದ್ದು ಬಾವಲಿ ಓಡಿಸುವುದನ್ನು. ಜಪ, ಸ್ತೋತ್ರ, ಯಾವ ಹಬ್ಬಕ್ಕೆ ಗುರುಗಳ ಉಡುಪು ಯಾವ ಬಣ್ಣದ್ದು ಎಂಬುದೆಲ್ಲ ಆಮೇಲೆ ತಾನಾಗಿ ಬರುತ್ತದೆ. ಬಾವಲಿ ಹಾಗಲ್ಲ. ನೀವು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅದು ತಾನು ತಿಂದ ಸೀಬೆಹಣ್ಣಿನ ವರದಿಯನ್ನು ಬಲಿಪೀಠದ ಬಿಳಿ ಬಟ್ಟೆಯ ಮೇಲೆ ಒಪ್ಪಿಸಿ ಮಾಡಿನ ಸಂದಿ ಸೇರಿರುತ್ತದೆ. ಫಾದರ್ ಬರುವುದರೊಳಗೆ ಬಟ್ಟೆ ಬದಲಾಯಿಸಬೇಕು, ನೆಲ ಒರೆಸಬೇಕು, ಮುಖದಲ್ಲಿ ಏನೂ ತೋರಿಸದೆ ಮೇಣದಬತ್ತಿ ಹಚ್ಚಬೇಕು. ನಾನು ಈ ಕೆಲಸದಲ್ಲೇ ಮುದುಕನಾದೆ. ಬಾವಲಿಗಳು ಇನ್ನೂ ಅಲ್ಲೇ ಇವೆ.

ನನ್ನ ಹೆಸರು ಸೆಬಾಸ್ಟಿಯನ್. ಊರಿಗೆಲ್ಲ ಬಸ್ತಿಯಣ್ಣ. ಕುಟ್ಟದ ಕಡೆಯಿಂದ ಬರುವ ಮಲಯಾಳಿಗಳು ಕಪ್ಯಾರ್ ಎನ್ನುತ್ತಿದ್ದರು, ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಎಸ್ಟೇಟಿನ ಲೈನುಮನೆಗಳಲ್ಲಿದ್ದ ತಮಿಳರು ಕೋಯಿಲ್‌ಪಿಳ್ಳೆ ಎನ್ನುತ್ತಿದ್ದರು. ಹೇಗೆ ಕರೆದರೂ ಕೆಲಸ ಒಂದೇ: ಗಂಟೆ ಹೊಡೆಯುವುದು, ಗುಡಿಸುವುದು, ಪೂಜೆಗೆ ಅಣಿ ಮಾಡುವುದು, ಬೀಗದ ಕೈ ಕಾಯುವುದು. ಯಾರೇ ಸತ್ತರೂ ಫಾದರ್‌ಗಿಂತ ಮೊದಲು ಸುದ್ದಿ ಬರುವುದು ಈ ಕೆಲಸದವನಿಗೆ. ಈಗ ಹೊಸಬರು ಬಂದಿದ್ದಾರೆ, ಒಳ್ಳೆಯವರು, ಮೊಬೈಲಿನಲ್ಲೇ ಸ್ತೋತ್ರ ಹುಡುಕುತ್ತಾರೆ. ಅವರಿಗೆ ಮತ್ತು ಅವರ ನಂತರ ಬರುವವರಿಗೆ ಯಾರೂ ಹೇಳಿಕೊಡದ ಕೆಲವು ಸಂಗತಿಗಳನ್ನು ಬರೆದಿಡಬೇಕು ಎನ್ನಿಸಿತು. ಮಾತಾಡಲು ಮನೆಯಲ್ಲಿ ಯಾರೂ ಇಲ್ಲದಿರುವುದೂ ಒಂದು ಕಾರಣ.

ಮೊದಲು ಕಟ್ಟಡದ ಪರಿಚಯ ಮಾಡಿಕೊಳ್ಳಿ. ನಮ್ಮ ಇಗರ್ಜಿ ಇರುವುದು ಹುದಿಕೇರಿಯಿಂದ ಕುಟ್ಟದ ಕಡೆ ಹೋಗುವ ದಾರಿಯಲ್ಲಿ, ಕಾಫಿ ತೋಟಗಳ ನಡುವಿನ ಒಂದು ದಿಣ್ಣೆಯ ಮೇಲೆ. ಕಟ್ಟಿದವರು ಈ ನೆಲದವರಲ್ಲ. ಬಿಳಿ ದೊರೆಗಳ ಕಾಲದಲ್ಲಿ ಕರಾವಳಿಯಿಂದ ಘಾಟಿ ಹತ್ತಿ ಬಂದ ಕೊಂಕಣಿ ಕ್ರೈಸ್ತರು: ಲೆಕ್ಕ ಬರೆಯುವ ಒಬ್ಬ ಎಸ್ಟೇಟ್ ರೈಟರ್, ಒಬ್ಬ ಬಡಗಿ, ಒಬ್ಬ ಬ್ರೆಡ್ ಸುಡುವವನು, ಹೀಗೆ. ನನ್ನ ಅಜ್ಜ ಆ ಬಡಗಿಯ ಕೈಕೆಳಗೆ ಇದ್ದವನಂತೆ. ನಕ್ಷೆ ಯಾರ ಹತ್ತಿರವೂ ಇರಲಿಲ್ಲ. ಊರಿನಲ್ಲಿ ಬಿಟ್ಟು ಬಂದ ಇಗರ್ಜಿಯನ್ನು ಒಬ್ಬೊಬ್ಬರು ಒಂದೊಂದು ರೀತಿ ನೆನಪು ಮಾಡಿಕೊಂಡು ಹೇಳಿದರು, ಅದನ್ನೇ ಕಟ್ಟಿದರು. ದೂರ ಬಂದವರ ನೆನಪಿನಲ್ಲಿ ಎಲ್ಲವೂ ದೊಡ್ಡದಾಗಿಯೇ ಇರುತ್ತದೆ. ಆದ್ದರಿಂದ ಮುಂಭಾಗ ಭಾರಿ ದೊಡ್ಡದು. ಎರಡು ಗೋಪುರ, ನಡುವೆ ಸುರುಳಿ ಸುರುಳಿಯಾಗಿ ಇಳಿಯುವ ಗಾರೆ ಕೆಲಸ, ಮೇಲೆ ಶಿಲುಬೆ. ಹಿಂದಕ್ಕೆ ಹೋದರೆ ಒಂದು ಸಣ್ಣ ಹಂಚಿನ ಕಟ್ಟಡ. ರಸ್ತೆಯಿಂದ ನೋಡಿ ಏನೋ ಮಹಾ ದೇವಾಲಯ ಎಂದುಕೊಂಡು ಬಂದವರು ಒಳಗೆ ಕಾಲಿಟ್ಟು "ಇಷ್ಟೇನಾ?" ಎಂದು ನನ್ನನ್ನೇ ಕೇಳಿದ್ದುಂಟು. ನಾನೇ ಚಿಕ್ಕದಾಗಿ ಕಟ್ಟಿದೆನೇನೋ ಎಂಬಂತೆ.

ಕಿಟಕಿಗಳ ಕಥೆ ಇನ್ನೂ ಚೆನ್ನಾಗಿದೆ. ಕರಾವಳಿಯ ಸೆಕೆಗೆ ಬೇಕಾದಂಥ ಕಿಟಕಿಗಳನ್ನೇ ಇಲ್ಲಿಯೂ ಇಟ್ಟರು, ಅಗಲವಾಗಿ, ಎತ್ತರವಾಗಿ, ಕದವಿಲ್ಲದೆ. ಮೊದಲ ಮಳೆಗಾಲದಲ್ಲೇ ಮಂಜು ಒಳಗೆ ಬಂದು ಕೂತಿತಂತೆ, ಇರಚಲು ಬಡಿದು ದೀಪಗಳು ಆರಿದುವಂತೆ. ಆಮೇಲೆ ಪ್ರತಿ ಕಿಟಕಿಯ ಕೆಳಗಿನ ಅರ್ಧಕ್ಕೆ ಹಲಗೆ ಬಡಿದರು. ಇವತ್ತಿಗೂ ಹಾಗೇ ಇದೆ. ಒಳಗೆ ಕೂತವರಿಗೆ ಆಕಾಶ ಮಾತ್ರ ಕಾಣುತ್ತದೆ. ಭಕ್ತಿಗೆ ಹಾಗೆ ಮಾಡಿದ್ದು ಎಂದು ಹೊರಗಿನವರು ಬರೆದುಕೊಂಡು ಹೋಗುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ.

ಇನ್ನು ಬದಿಬಾಗಿಲು. ಕಟ್ಟಡಕ್ಕೆ ಕಲ್ಲು ಹೊತ್ತವರು, ಸುಣ್ಣ ಅರೆದವರು ಎಸ್ಟೇಟಿನ ತಮಿಳು ಕೂಲಿಯವರು. ಅವರೂ ನಮ್ಮ ಹಾಗೆಯೇ ಹೊಟ್ಟೆಪಾಡಿಗೆ ಬಂದ ಕ್ರೈಸ್ತರೇ. ಕಟ್ಟಡ ಮುಗಿದ ಮೇಲೆ ಅವರಿಗೆ ಬೇರೆ ಬಾಗಿಲು ಇಟ್ಟರು. ಇದನ್ನು ಸುತ್ತಿ ಬಳಸಿ ಹೇಳುವುದೇನೂ ಬೇಡ. ರಸ್ತೆಯ ಕಡೆಯ ಮುಂಬಾಗಿಲು ರೈಟರುಗಳಿಗೆ, ತೋಟದ ಧನಿಗಳಿಗೆ; ಉತ್ತರದ ಗೋಡೆಯ ಸಣ್ಣ ಬಾಗಿಲು ಲೈನಿನವರಿಗೆ. ಹಲಸಿನ ಮರದ ಎರಡು ಕದ, ಹೊರಗೆ ಎರಡು ಕಲ್ಲಿನ ಮೆಟ್ಟಿಲು. ಚೌಕಟ್ಟು ಎಷ್ಟು ತಗ್ಗು ಎಂದರೆ ಸಾಧಾರಣ ಎತ್ತರದವರೂ ತಲೆ ಬಗ್ಗಿಸಿಯೇ ದಾಟಬೇಕು.

ಆದರೆ ಕಟ್ಟಿದವರು ಒಂದನ್ನು ಯೋಚಿಸಿರಲಿಲ್ಲ. ಸತ್ತವರನ್ನು ಹೂಳುವ ಸಿಮಿತ್ರಿಗೆ ಜಾಗ ಸಿಕ್ಕಿದ್ದು ಉತ್ತರಕ್ಕೇ. ಹಾಗಾಗಿ ಧನಿಯೇ ಇರಲಿ, ಕೂಲಿಯೇ ಇರಲಿ, ಕಡೆಯ ಪೂಜೆ ಮುಗಿದ ಮೇಲೆ ಪೆಟ್ಟಿಗೆ ಹೊರಗೆ ಹೋಗುವುದು ಲೈನಿನವರ ಬಾಗಿಲಿಂದ. ತಗ್ಗು ಚೌಕಟ್ಟಿನಲ್ಲಿ ಹೆಗಲ ಮೇಲಿನ ಪೆಟ್ಟಿಗೆ ದಾಟುವುದಿಲ್ಲ, ಹೆಗಲಿಂದ ಕೈಗೆ ಇಳಿಸಬೇಕು. ಇಳಿಸಿದವರು ಅಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು. ಆಗ ಮನೆಯವರು ಬಂದು ಪೆಟ್ಟಿಗೆಯನ್ನು ಕೊನೆಯ ಸಲ ಮುಟ್ಟುತ್ತಿದ್ದರು. ಯಾವ ಪೂಜೆಯ ಪುಸ್ತಕದಲ್ಲೂ ಈ ಪದ್ಧತಿ ಇಲ್ಲ. ಬಾಗಿಲು ತಗ್ಗಾಗಿದ್ದರಿಂದ ಬಂದದ್ದು.

ನಾನು ಕೆಲಸಕ್ಕೆ ಸೇರಿದಾಗ ಇದ್ದವರು ಮಂಗಳೂರಿನ ಕಡೆಯ ವಯಸ್ಸಾದ ಗುರುಗಳು. ನಾವು ದೊಡ್ಡ ಫಾದರ್ ಎನ್ನುತ್ತಿದ್ದೆವು. ಗದರುವುದರಲ್ಲಿ ಎತ್ತಿದ ಕೈ. ಅವರಿಂದ ನಾನು ತಿಂದ ಬೈಗುಳಗಳಲ್ಲಿ ದೊಡ್ಡದು ಗಂಟೆಯ ವಿಷಯದ್ದು. ಯೇಸುಸ್ವಾಮಿಯ ಕಷ್ಟದ ವಾರದಲ್ಲಿ ಗುರುವಾರದ ಪೂಜೆಯಿಂದ ಪುನರುತ್ಥಾನದ ಪೂಜೆಯ ತನಕ ನಮ್ಮಲ್ಲಿ ಗಂಟೆ ಹೊಡೆಯುವುದಿಲ್ಲ. ಮರದ ಗಿಲಕಿ ಆಡಿಸುತ್ತೇವೆ, ಅಷ್ಟೇ. ಹೊಸದರಲ್ಲಿ ನಾನು ಶುಭ ಶುಕ್ರವಾರದ ಮಧ್ಯಾಹ್ನ ದಿನದ ಅಭ್ಯಾಸದಂತೆ ಹೋಗಿ ಹಗ್ಗ ಜಗ್ಗಿಬಿಟ್ಟೆ. ಢಣ್ ಎಂದ ಮೇಲೆ ನಾಲಿಗೆ ಕಚ್ಚಿಕೊಂಡರೆ ಏನು ಬಂತು? ಲೈನಿನಲ್ಲಿ ಉಪವಾಸ ಕೂತಿದ್ದವರೆಲ್ಲ ಈ ವರ್ಷ ಸ್ವಾಮಿ ಬೇಗ ಎದ್ದ ಎಂದುಕೊಂಡು ಒಲೆ ಹೊತ್ತಿಸಿದರು.

ದೊಡ್ಡ ಫಾದರ್ ಓಡಿ ಬಂದರು. "ಎಂತ ಮಾಡಿದ್ದು ಮಾರಾಯ ನೀನು? ಹೋಗು, ಒಂದೊಂದು ಮನೆಗೂ ಹೋಗಿ ಹೇಳು, ಸ್ವಾಮಿ ಇನ್ನೂ ಎದ್ದಿಲ್ಲ ಅಂತ!"

ನಾನು ಮನೆಮನೆಗೆ ಹೋಗಿ ಹಾಗೇ ಹೇಳಿದೆ. ಒಂದು ಮನೆಯ ಜಗಲಿಯಲ್ಲಿ ನನಗಿಂತ ಸ್ವಲ್ಪ ದೊಡ್ಡವಳಾದ ಒಬ್ಬ ಹೆಂಗಸು ಪುಕ್ಕ ಕಿತ್ತ ಕೋಳಿಯನ್ನು ಮೊರದಲ್ಲಿಟ್ಟುಕೊಂಡು ಕೂತಿದ್ದಳು. ನನ್ನ ಮಾತೆಲ್ಲ ಕೇಳಿ ಕೋಳಿಯ ಕಡೆ ನೋಡಿದಳು. "ತಂಬಿ, ನಿನ್ ಗಂಟೆ ನಂಬಿ ನನ್ ಗಂಡ ಇದ್ರ ಕುತ್ತಿಗೆ ಕುಯ್ದಾಯ್ತು. ಸಾಮಿ ಏನೋ ಮೂರ್ನೇ ದಿನ ಎದ್ಬಿಡ್ತಾರೆ, ಇದನ್ನ ಯಾರು ಎಬ್ಬಿಸ್ತಾರೆ?" ಎಂದಳು.

ಆರೋಕ್ಯಮ್ಮ ನನಗೆ ಪರಿಚಯವಾದದ್ದು ಹೀಗೆ. ಕಾಫಿ ಹಣ್ಣು ಬಿಡಿಸುವ ಪಿಕ್ಕಿಂಗ್‌ನಲ್ಲಿ ಅವಳ ಕೈಗೆ ಸಮ ಯಾರೂ ಇರಲಿಲ್ಲ, ಬಾಯಿಗೂ ಇರಲಿಲ್ಲ. ಅವಳ ಗಂಡನ ತಾತ ಬದಿಬಾಗಿಲಿನ ಮೆಟ್ಟಿಲ ಕಲ್ಲುಗಳನ್ನು ಹೊತ್ತು ತಂದು ಕೂರಿಸಿದವನು. ಪ್ರತಿ ಭಾನುವಾರ ಲೈನಿನವರ ಮುಂದೆ ಅವಳು, ಹಿಂದೆ ಉಳಿದವರು, ತೋಟದ ಕಾಲುದಾರಿಯಲ್ಲಿ ಬಂದು ಆ ಬಾಗಿಲಿಂದ ಒಳಗೆ ಬರುತ್ತಿದ್ದರು. ಒಂದು ದಿನ ನಾನು ಆ ಕದಕ್ಕೆ ಎಣ್ಣೆ ಬಿಡುತ್ತಿದ್ದಾಗ ನಕ್ಕು ಹೇಳಿದ್ದಳು: "ನಿಮ್ ಜನ ಕಡೇಲಿ ಒಂದ್ಸಲ ಹೋಗೋ ಬಾಗ್ಲಲ್ಲಿ ನಾವು ವಾರ ವಾರ ಓಡಾಡ್ತೀವಿ ತಂಬಿ. ನಮ್ಗೆ ದಾರಿ ಅಭ್ಯಾಸ ಆಗೋಯ್ತು. ನಿಮ್ಗೇ ಕಷ್ಟ."

ಕಷ್ಟವಾದದ್ದನ್ನೂ ನೋಡಿದ್ದೇನೆ. ದೊಡ್ಡ ತೋಟದ ಧನಿಯೊಬ್ಬರು ಆಷಾಢದ ಮಳೆಯಲ್ಲಿ ತೀರಿಕೊಂಡರು. ಹಿರಿಯ ಮಗ ದೂರದೂರಿನಿಂದ ಬಂದವನು, ನಮ್ಮಪ್ಪನನ್ನು ಕೂಲಿಯವರ ಬಾಗಿಲಿಂದ ಕಳಿಸುವುದಿಲ್ಲ, ಮುಂಬಾಗಿಲಿಂದ ತೆಗೆದುಕೊಂಡು ಹೋಗಿ ಸುತ್ತಿಬರುತ್ತೇವೆ ಎಂದು ಹಟ ಹಿಡಿದ. ದೊಡ್ಡ ಫಾದರ್ ತೀರ್ಥದ ಪಾತ್ರೆ ಹಿಡಿದುಕೊಂಡು ಹೋಗಿ ಬದಿಬಾಗಿಲ ಹತ್ತಿರ ನಿಂತರು. ಕಟ್ಟಡದ ಸುತ್ತ ಆಗ ಬರೀ ಮಣ್ಣಿನ ಇಳಿಜಾರು. ನಾಲ್ಕು ಹೆಜ್ಜೆ ಹೋಗುವುದರಲ್ಲಿ ಹೊತ್ತವರ ಕಾಲು ಜಾರಿತು, ಪೆಟ್ಟಿಗೆ ವಾಲಿತು, ಹೆಂಗಸರು ಕಿರುಚಿದರು. ಹೇಗೋ ಹಿಡಿದುಕೊಂಡು ವಾಪಸ್ ಒಳಗೆ ಬಂದರು, ಎಲ್ಲರ ಮುಂದೆ ನಡುದಾರಿಯಲ್ಲಿ ನಡೆದು ಬದಿಬಾಗಿಲಿಗೇ ಬಂದರು. ಹಿರಿಯ ಮಗ ಉದ್ದಾಳು. ತಲೆ ಬಗ್ಗಿಸುವುದು ಅವನಿಗೆ ತಿಳಿಯದೆ ಚೌಕಟ್ಟು ಹಣೆಗೆ ರಪ್ ಎಂದು ಬಡಿಯಿತು. ಮಣ್ಣು ಹಾಕುವ ಹೊತ್ತಿಗೆ ಹಣೆ ನಿಂಬೆಗಾತ್ರ ಊದಿತ್ತು. ದೊಡ್ಡ ಫಾದರ್ ಅವನ ಹತ್ತಿರ ಹೋಗಿ "ಸ್ವಲ್ಪ ಎಣ್ಣೆ ಹಚ್ಚು, ಇಳಿಯುತ್ತದೆ" ಎಂದರು.

ಆಮೇಲೆ ಎಷ್ಟೋ ಫಾದರ್‌ಗಳು ಬಂದರು, ಹೋದರು. ಒಬ್ಬರಿಗೆ ಹಾಡಿನ ಹುಚ್ಚು, ಒಬ್ಬರಿಗೆ ತರಕಾರಿ ತೋಟದ ಹುಚ್ಚು. ಇನ್ನೊಬ್ಬರು ಪ್ರಸಂಗದ ನಡುವೆ ಮರೆತು ನಿಂತುಬಿಡುತ್ತಿದ್ದರು, ನಾನು ಕೆಮ್ಮಿ ನೆನಪಿಸಬೇಕಿತ್ತು. ಮೇಣದಬತ್ತಿಯ ಜಾಗಕ್ಕೆ ಕರೆಂಟಿನ ಬತ್ತಿ ಬಂತು. ಗಂಟೆಯ ಹಗ್ಗ ಹೋಗಿ ಸ್ವಿಚ್ಚು ಬಂತು. ಒತ್ತಿದರೆ ಗೋಪುರದ ಮೈಕಿನಿಂದ ಯಾವುದೋ ದೇಶದ ಗಂಟೆಯ ಧ್ವನಿ ಬರುತ್ತದೆ, ನಮ್ಮ ಗಂಟೆಗಿಂತ ಚೆನ್ನಾಗಿಯೇ ಇದೆ. ಎಲ್ಲದಕ್ಕೂ ಹೊಂದಿಕೊಂಡೆ. ಆದರೆ ಲೈನುಮನೆಗಳು ಒಂದೊಂದಾಗಿ ಖಾಲಿಯಾದುವಲ್ಲ, ಅದಕ್ಕೆ ಹೊಂದಿಕೊಳ್ಳಲು ಆಗಲಿಲ್ಲ. ತಮಿಳು ಕುಟುಂಬಗಳು ಹುಣಸೂರಿಗೆ, ಮೈಸೂರಿಗೆ, ತಿರುಪ್ಪೂರಿನ ಬನಿಯನ್ ಫ್ಯಾಕ್ಟರಿಗಳಿಗೆ ಹೋದುವು. ಬದಿಬಾಗಿಲಿಂದ ಬರುವವರ ಸಾಲು ವರ್ಷವರ್ಷಕ್ಕೆ ಗಿಡ್ಡವಾಗಿ ಕಡೆಗೆ ಆರೋಕ್ಯಮ್ಮ ಒಬ್ಬಳೇ ಉಳಿದಳು. ಗಂಡ, ಒಬ್ಬಳೇ ಮಗಳು, ಇಬ್ಬರೂ ಆ ಬಾಗಿಲಿಂದಲೇ ಸಿಮಿತ್ರಿಗೆ ಹೋಗಿದ್ದರು. ಇವರನ್ನ ಬಿಟ್ಟು ಎಲ್ಲಿಗೆ ಹೋಗಲಿ ಎನ್ನುತ್ತಿದ್ದಳು.

ನನ್ನ ಹೆಂಡತಿ ರೆಜಿನಾ ಹೋದದ್ದೂ ಆ ಬಾಗಿಲಿಂದಲೇ. ಬಲಿಪೀಠದ ಬಟ್ಟೆಗಳನ್ನು ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡುತ್ತಿದ್ದವಳು ಅವಳು. ನಮಗೆ ಮಕ್ಕಳಾಗಲಿಲ್ಲ. ಜ್ವರ ಎಂದು ಮಲಗಿದವಳು ಏಳಲಿಲ್ಲ. ಆಗಿನ್ನೂ ಸ್ವಿಚ್ಚು ಬಂದಿರಲಿಲ್ಲ. ಸಾವಿನ ಗಂಟೆಯನ್ನು ನಿಧಾನವಾಗಿ, ಬಿಟ್ಟು ಬಿಟ್ಟು ಹೊಡೆಯುವುದು ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ. ಬೇರೆಯವರು ಹೊಡೆದರೆ ಮದುವೆಯ ಗಂಟೆಯಂತೆ ಕೇಳಿಸುತ್ತದೆ. ಹಾಗೆ ಅವಳನ್ನು ಕಳಿಸಲು ನನಗೆ ಮನಸ್ಸಾಗಲಿಲ್ಲ. ಆದ್ದರಿಂದ ಹಗ್ಗ ಹಿಡಿದು ಗೋಪುರದ ಕೆಳಗೆ ನಿಂತೆ. ಅಲ್ಲಿಂದ ಬದಿಬಾಗಿಲು ಓರೆಯಾಗಿ ಕಾಣುತ್ತದೆ. ಪೆಟ್ಟಿಗೆಯನ್ನು ಹೆಗಲಿಂದ ಕೈಗೆ ಇಳಿಸಿದರು. ಒಬ್ಬೊಬ್ಬರೇ ಬಂದು ಮುಟ್ಟಿದರು. ಆರೋಕ್ಯಮ್ಮ ಎರಡೂ ಕೈ ಇಟ್ಟು ಅತ್ತಳು. ಊರೆಲ್ಲ ಮುಟ್ಟಿತು, ನಾನು ಮುಟ್ಟಲಿಲ್ಲ. ಹಗ್ಗ ಬಿಡುವ ಹಾಗಿರಲಿಲ್ಲ. ಈ ಕೆಲಸಕ್ಕೆ ಬರುವವರು ಇದನ್ನೂ ತಿಳಿದಿರಲಿ. ಎಲ್ಲರ ಸಾವಿನಲ್ಲೂ ನೀವು ಇರುತ್ತೀರಿ, ನಿಮ್ಮವರ ಸಾವಿನ ದಿನವೂ ನೀವು ಕೆಲಸದವರೇ.

ಈಗ ಇರುವ ಫಾದರ್ ಬಂದದ್ದು ಅದಾದ ಮೇಲೆ. ಶನಿವಾರಸಂತೆಯ ಕಡೆಯವರು, ಚಿಕ್ಕ ವಯಸ್ಸು, ಕೆಲಸದಲ್ಲಿ ಚುರುಕು, ಮನಸ್ಸಿನಲ್ಲಿ ಕಪಟ ಇಲ್ಲದವರು. ಗುಡ್ಡಗಳು ಕುಸಿದ ಆ ಮಳೆಗಾಲದಲ್ಲಿ ನಮ್ಮ ಉತ್ತರದ ಗೋಡೆ ಬಾಗಿಲಿನ ಮೇಲ್ಗಡೆ ಬಿರುಕು ಬಿಟ್ಟಿತು. ಇಂಜಿನಿಯರ್ ಬಂದು ನೋಡಿ, ಬಾಗಿಲು ಮುಚ್ಚಿ ಗೋಡೆ ತುಂಬಿಸುವುದೇ ಸುಲಭ ಎಂದರು. ಫಾದರ್‌ಗೆ ಅದು ದೇವರೇ ತೋರಿಸಿದ ದಾರಿ ಎನ್ನಿಸಿತು. ಆ ಬಾಗಿಲು ಯಾತಕ್ಕೆ ಇಟ್ಟದ್ದು ಎಂದು ತಿಳಿದಾಗಿನಿಂದ ಅವರಿಗೆ ಅದನ್ನು ಕಂಡರೆ ಸಂಕಟವಾಗುತ್ತಿತ್ತು. ಭಾನುವಾರದ ಪ್ರಸಂಗದಲ್ಲಿ "ಮನುಷ್ಯರನ್ನ ಬೇರೆ ಮಾಡೋಕೆ ಇಟ್ಟ ಬಾಗಿಲು ಇದು. ಇನ್ನು ಮೇಲೆ ನಾವೆಲ್ಲ ಒಂದೇ ಕುಟುಂಬ, ಒಂದೇ ಬಾಗಿಲು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರ ಅಜ್ಜಂದಿರು ಆ ಬಾಗಿಲು ಇಟ್ಟಿದ್ದರೋ ಅವರ ಮೊಮ್ಮಕ್ಕಳ ಚಪ್ಪಾಳೆಯೇ ಜೋರಾಗಿತ್ತು.

ಫಾದರ್ ಇನ್ನೂ ಒಂದು ಮಾಡಿದರು, ಒಳ್ಳೆಯದಾಗಲಿ ಎಂದೇ. ಗೋಡೆಯ ಮೊದಲ ಕಲ್ಲನ್ನು ಲೈನಿನ ಹಿರಿಯಳಾದ ಆರೋಕ್ಯಮ್ಮನ ಕೈಯಲ್ಲಿ ಇಡಿಸಬೇಕು ಎಂದು ಹೇಳಿ ಕಳಿಸಿದರು. ಏನೋ ಗೌರವ ಎಂದು ಗೊತ್ತಾಗಿ ಅವಳು ಹಬ್ಬದ ಸೀರೆ ಉಟ್ಟು, ತಲೆ ಬಾಚಿ, ಮಲ್ಲಿಗೆ ಮುಡಿದು ಬಂದಳು. ಯಾತಕ್ಕೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಕದಗಳನ್ನು ಕಳಚಿ ಹುಲ್ಲಿನ ಮೇಲೆ ಹಾಕಿದ್ದರು. ಮೇಸ್ತ್ರಿ ಕಲ್ಲು ತಂದು ಅವಳ ಕೈಗಿಟ್ಟ. ಅವಳು ಕಲ್ಲನ್ನು ನೋಡಿದಳು, ಕದಗಳನ್ನು ನೋಡಿದಳು.

"ನನ್ ಕೈಯಲ್ಲೇ ಮುಚ್ಚಿಸ್ತೀರಾ ಸಾಮಿ?" ಎಂದಳು.

"ಅಮ್ಮ, ನಿಮ್ಮನ್ನ ದೂರ ಇಡೋಕೆ ಮಾಡಿದ ಬಾಗಿಲು ಇದು. ಇನ್ನು ನೀವು ಮುಂಬಾಗಿಲಿಂದ ಬರಬೇಕು, ಎಲ್ಲರ ಜೊತೆ."

"ದೂರ ಇಡೋಕೆ ಮಾಡಿದ್ದು ಅಂತ ನಂಗೊತ್ತಿಲ್ವಾ? ನಿಮ್ಗಿಂತ ಮುಂಚೆಯಿಂದ ಗೊತ್ತು. ಆದ್ರೂ ಈ ಊರಲ್ಲಿ ನಮ್ದು ಅಂತ ಇದ್ದಿದ್ದು ಅದೊಂದೇ ಸಾಮಿ. ಲೈನು ಧನೀದು, ತೋಟ ಧನೀದು. ಬಾಗ್ಲು ನಮ್ದು. ನಮ್ ಸತ್ತೋರೆಲ್ಲ ಹೋದ ದಾರಿ. ನಾನು ಹೆಂಗ್ ಹೋಗ್ಲಿ?"

ಫಾದರ್ ನನ್ನ ಮುಖ ನೋಡಿದರು. ಅವಳು ಕಲ್ಲನ್ನು ಮೆಲ್ಲಗೆ ನೆಲದ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಕಾಲುದಾರಿ ಹಿಡಿದಳು. ಸ್ವಲ್ಪ ಹೊತ್ತು ಕಾದು ಮೇಸ್ತ್ರಿ ತಾನೇ ಕೆಲಸ ಶುರು ಮಾಡಿದ. ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಕದಗಳನ್ನು ನೋಡಿಕೊಂಡು ಹೋಗಿದ್ದ. ಕೊಡಬೇಡಿ, ನನಗೆ ಬೇಕು ಎಂದೆ. ಫಾದರ್ ಯಾಕೆ ಎಂದು ಕೇಳಲೂ ಇಲ್ಲ, ಅಂದು ಅವರ ಮನಸ್ಸು ಎಲ್ಲೋ ಇತ್ತು. ಸಿಮಿತ್ರಿಯ ಕೆಳಗಿರುವ ನನ್ನ ಮನೆಗೆ ಅವನ್ನು ಸಾಗಿಸಿಕೊಂಡೆ.

ಮುಂದಿನ ಭಾನುವಾರ ಆರೋಕ್ಯಮ್ಮ ಪೂಜೆಗೆ ಬಂದಳು, ಆದರೆ ಒಳಗೆ ಬರಲಿಲ್ಲ. ಬಾಗಿಲು ಹೋಗಿದ್ದರೂ ಹೊರಗಿನ ಮೆಟ್ಟಿಲು ಇದ್ದುವು. ಅವುಗಳ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕೂತು ಒಳಗಿನ ಹಾಡು ಕೇಳಿದಳು. ಮುಗಿದ ಮೇಲೆ ಫಾದರ್ ಹೋಗಿ ಒಳಗೆ ಬನ್ನಿ ಅಮ್ಮ ಎಂದು ಕರೆದರು. "ಬಾಗ್ಲಿಲ್ಲ ಸಾಮಿ, ಹೆಂಗ್ ಬರ್ಲಿ?" ಎಂದಳು, ಸಿಟ್ಟಿಲ್ಲದೆ. ಮಳೆಗಾಲ ಬಂದಾಗ ಕೊಡೆ ಬಿಡಿಸಿಕೊಂಡು ಅಲ್ಲೇ ಕೂತಳು. ಕಡೆಗೆ ಫಾದರ್ ಪರಮಪ್ರಸಾದವನ್ನು ಹೊರಗೆ ತಂದು ಅವಳಿಗೆ ಕೊಡತೊಡಗಿದರು, ನಾನು ಮುಂದೆ ದೀಪ ಹಿಡಿದು ನಡೆಯುತ್ತಿದ್ದೆ. ವಾರ ವಾರ ಮುಂಬಾಗಿಲಿಂದ ಹೊರಟು ಅರ್ಧ ಕಟ್ಟಡ ಸುತ್ತಿ ಅವಳಲ್ಲಿಗೆ ಹೋಗುವುದು, ವಾಪಸ್ ಬರುವುದು. ಇಬ್ಬರೂ ಹಟದಲ್ಲಿ ಒಬ್ಬರಿಗಿಂತ ಒಬ್ಬರು. ನಡುವೆ ಸವೆದದ್ದು ನನ್ನ ಮಂಡಿ.

ಆ ಮಂಡಿಯೇ ನನ್ನನ್ನು ಮನೆಗೆ ಕಳಿಸಿತು. ಶಾಲು ಹೊದಿಸಿದರು, ಹಾರ ಹಾಕಿದರು, ಬೀಗದ ಕೈ ಹೊಸಬರಿಗೆ ಕೊಟ್ಟೆ. ಕಷ್ಟ ಗೊತ್ತಾದದ್ದು ಮುಂದಿನ ಭಾನುವಾರ. ಬಿಳಿ ಅಂಗಿ ತೊಟ್ಟು ಒಳಗೆ ಹೋದೆ. ಎಲ್ಲಿ ಕೂರುವುದು? ಅಷ್ಟು ವರ್ಷ ನಾನು ಇಗರ್ಜಿಯೊಳಗೆ ಒಂದು ಪೂಜೆಗೂ ಕೂತವನಲ್ಲ. ಸದಾ ಪೀಠದ ಪಕ್ಕ ನಿಂತವನು, ಇಲ್ಲವೇ ಹಗ್ಗದ ಕೆಳಗೆ. ಒಂದೊಂದು ಬೆಂಚಿಗೂ ಒಂದೊಂದು ಮನೆಯವರಿದ್ದಾರೆ, ಬರೆದಿಲ್ಲದಿದ್ದರೂ ಎಲ್ಲರಿಗೂ ಗೊತ್ತು. "ಬನ್ನಿ ಬಸ್ತಿಯಣ್ಣ" ಎಂದು ಒಬ್ಬರು ಸರಿದರು, ಇನ್ನೊಬ್ಬರೂ ಸರಿದರು. ಆ ಸರಿಯುವಿಕೆಯೇ ನನಗೆ ತಡೆಯಲಾಗಲಿಲ್ಲ. ನನ್ನ ಇಗರ್ಜಿಯಲ್ಲಿ ನಾನು ನೆಂಟನಾಗಿದ್ದೆ. ಹೊರಗೆ ಬಂದು, ಸುತ್ತಿ ಹೋಗಿ, ಆರೋಕ್ಯಮ್ಮನ ಪಕ್ಕ ಮೆಟ್ಟಿಲ ಮೇಲೆ ಕೂತೆ.

ಅವಳು ತಿರುಗಿಯೂ ನೋಡದೆ ಹೇಳಿದಳು: "ಬಾ ತಂಬಿ. ನಿಂಗೂ ಬಾಗ್ಲು ಹೋಯ್ತಾ?"

ಅಷ್ಟರಲ್ಲಿ ಮೆಟ್ಟಿಲ ಸುತ್ತ ಬೇರೆ ಜನವೂ ಸೇರತೊಡಗಿದ್ದರು. ಖಾಲಿ ಲೈನುಗಳಿಗೆ ಜಾರ್ಖಂಡಿನ ಕೆಲಸಗಾರರನ್ನು ತಂದಿದ್ದರು. ಅವರಲ್ಲಿ ಬಹಳ ಜನ ನಮ್ಮ ಮತದವರೇ. ತಮಿಳರು ಬರುತ್ತಿದ್ದ ಅದೇ ಕಾಲುದಾರಿಯಲ್ಲಿ ಬಂದು, ಗೋಡೆ ಎದುರಾದಾಗ ನಿಂತುಬಿಡುತ್ತಿದ್ದರು. ಭಾಷೆ ಬಾರದು, ಕಾಲಲ್ಲಿ ಕೆಸರು, ಮುಂದೆ ಹೋಗಲು ಸಂಕೋಚ. ಆರೋಕ್ಯಮ್ಮ ತೂಕುಪಾತ್ರೆಯಲ್ಲಿ ಕರಿಕಾಫಿ ತಂದು ಅವರಿಗೆ ಹಂಚುತ್ತಿದ್ದಳು. ಅವಳ ಮಾತು ಅವರಿಗೆ ತಿಳಿಯದು, ಅವರ ಮಾತು ಅವಳಿಗೆ ತಿಳಿಯದು, ಆದರೂ ಗದರುತ್ತಿದ್ದಳು, ಅವರು ನಗುತ್ತಿದ್ದರು. ಮೀಸೆ ದಟ್ಟವಾ­ಗಿದ್ದ ಸುನಿಲ್ ಎಂಬ ಗಂಡಾಳು ಅವಳಿಗೆ ಸೌದೆ ಒಡೆದುಕೊಡುತ್ತಿದ್ದ. ಒಳಗಿನ ಪೂಜೆ ಕನ್ನಡದಲ್ಲಿ, ನಾವು ಹೊರಗೆ ಗೋಡೆಗೆ ಒರಗಿ ಒಬ್ಬೊಬ್ಬರು ಒಂದೊಂದು ಭಾಷೆಯಲ್ಲಿ ಆಮೆನ್ ಹೇಳುತ್ತಿದ್ದೆವು. ಕೆಲಸ ಬಿಟ್ಟ ಮೇಲೆ ನನ್ನ ಎದೆ ಹಗುರವಾಗುತ್ತಿದ್ದ ಹೊತ್ತು ಅದೊಂದೇ.

ಕಳೆದ ಪಿಕ್ಕಿಂಗ್ ಮುಗಿಯುವ ಸಮಯದಲ್ಲಿ ಆರೋಕ್ಯಮ್ಮ ತೀರಿಕೊಂಡಳು. ಬೆಳಿಗ್ಗೆ ಒಲೆಯ ಮುಂದೆ ಕೂತ ಹಾಗೇ ಇದ್ದಳಂತೆ. ಸುನಿಲ್ ಓಡಿ ಬಂದು ನನ್ನ ಕೈ ಹಿಡಿದು ಎಳೆದ. ಕೆಲಸ ಬಿಟ್ಟಿದ್ದರೂ ಸುದ್ದಿ ಮೊದಲು ನನಗೇ ಬಂತು.

ಬದುಕಿದ್ದಾಗ ಬಾರದವಳನ್ನು ಸತ್ತ ಮೇಲೆ ಮುಂಬಾಗಿಲಿಂದ ಒಳಗೆ ತಂದೆವು. ನನಗೆ ಅದು ಮೋಸದಂತೆ ಅನ್ನಿಸಿತು, ಆದರೆ ಬೇರೆ ದಾರಿ ಎಲ್ಲಿತ್ತು? ಹೊರಲು ಅವಳ ಕಡೆಯವರು ಒಬ್ಬರೂ ಇರಲಿಲ್ಲ. ಸುನಿಲ್ ಮತ್ತು ಅವನ ಜೊತೆಯವರು ಹೆಗಲು ಕೊಟ್ಟರು. ಪೂಜೆ ಮುಗಿದ ಮೇಲೆ ಅದೇ ಮುಂಬಾಗಿಲಿಂದ ಹೊರಟು, ಈಗ ಸಿಮೆಂಟು ಹಾಕಿರುವ ದಾರಿಯಲ್ಲಿ ಕಟ್ಟಡ ಸುತ್ತಿ ಉತ್ತರಕ್ಕೆ ಬಂದೆವು. ಫಾದರ್ ಸಿಮಿತ್ರಿಯ ಗೇಟಿನ ಹತ್ತಿರ ಹೋಗಿ ತಿರುಗಿ ನೋಡಿದರೆ ಪೆಟ್ಟಿಗೆ ಹಿಂದೆ ಬಂದಿರಲಿಲ್ಲ. ಹೊತ್ತವರು ಮೆಟ್ಟಿಲ ಹತ್ತಿರ ನಿಂತಿದ್ದರು. ನೋಡುತ್ತಿದ್ದಂತೆ ಪೆಟ್ಟಿಗೆಯನ್ನು ಹೆಗಲಿಂದ ಕೈಗೆ ಇಳಿಸಿ, ಮೆಲ್ಲಗೆ ಮೆಟ್ಟಿಲ ಮೇಲೆ ಇಟ್ಟರು, ಮುಚ್ಚಿದ ಗೋಡೆಯ ಮುಂದೆ.

ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಫಾದರ್ ವಾಪಸ್ ಬಂದು "ಯಾಕೆ?" ಎಂದು ಕೈಸನ್ನೆ ಮಾಡಿದರು.

ಸುನಿಲ್ ಹೆದರಿದ. "ಅಮ್ಮಾ ಇಧರ್ ಬೈಠ್ತಾ ಫಾದರ್" ಎಂದು ಅವಳು ಕೂರುತ್ತಿದ್ದ ಮೆಟ್ಟಿಲು ತೋರಿಸಿದ. ಆಮೇಲೆ ತನಗೆ ಬರುವ ಕನ್ನಡ ಹುಡುಕಿ, "ಅಮ್ಮಾ ಜಾಗಾ" ಎಂದ.

ಫಾದರ್ ಆ ಗೋಡೆಯನ್ನು ನೋಡಿದರು. ಸಮಾಧಿಯ ಬಳಿ ಹೇಳಬೇಕಾದ ಪ್ರಾರ್ಥನೆಯನ್ನು ಅಲ್ಲೇ ನಿಂತು ಶುರು ಮಾಡಿದರು. ನಾನು ಹೋಗಿ ಪೆಟ್ಟಿಗೆಯ ಮೇಲೆ ಎರಡೂ ಕೈ ಇಟ್ಟೆ. ಆ ಮೆಟ್ಟಿಲ ಮೇಲೆ ಒಂದು ಪೆಟ್ಟಿಗೆಯನ್ನು ನಾನು ಮುಟ್ಟಿದ್ದು ಅದೇ ಮೊದಲು. ನಾಚಿಕೆ ಬಿಟ್ಟು ಅತ್ತೆ. ಆರೋಕ್ಯಮ್ಮನಿಗಾಗಿ ಅತ್ತೆ, ರೆಜಿನಾಳಿಗಾಗಿಯೂ ಅತ್ತೆ.

ಕೆಲವು ದಿನ ಕಳೆದು ಫಾದರ್ ನನ್ನ ಮನೆಗೆ ಬಂದರು. ಇರುವುದು ಒಂದೇ ಕೋಣೆ. ಮಂಚದ ಮೇಲೆ ಕೂರಿಸಿ ಕಾಫಿ ಕೊಟ್ಟೆ. ಲೋಟ ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು. "ಬಸ್ತಿಯಣ್ಣ, ಇಂಜಿನಿಯರ್ ಹತ್ರ ಮಾತಾಡಿದೆ. ಮೇಲೆ ಕಾಂಕ್ರೀಟ್ ತೊಲೆ ಕೊಟ್ಟು ಬಾಗಿಲು ಮತ್ತೆ ತೆಗೀಬಹುದಂತೆ. ನಾನು ಮುಚ್ಚಿಸಿದಾಗ ಸರೀನೇ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ. ಈಗ ಆ ಹುಡುಗರೆಲ್ಲ ಗೋಡೆ ಹೊರಗೆ ನಿಲ್ತಾರೆ, ನೋಡೋಕಾಗಲ್ಲ. ಹೊಸ ಕದ ಹಾಕಿಸೋಕೆ ಮನಸ್ಸಿಲ್ಲ. ಆ ಹಳೇ ಕದ ಏನಾಯ್ತು, ನಿಮಗೇನಾದ್ರೂ ಗೊತ್ತಾ?"

"ಫಾದರ್, ನೀವು ಅದರ ಮೇಲೇ ಕೂತಿದ್ದೀರಲ್ಲ" ಎಂದೆ.

ಅವರು ಬಿಸಿ ತಾಗಿದವರಂತೆ ಎದ್ದುನಿಂತರು, ಕಾಫಿ ಚೆಲ್ಲಿತು. ನಾನು ಹಾಸಿಗೆ ಸರಿಸಿ ತೋರಿಸಿದೆ. ಇಟ್ಟಿಗೆಗಳ ಮೇಲೆ ಎರಡು ಹಲಸಿನ ಕದ, ಪಕ್ಕಪಕ್ಕದಲ್ಲಿ. ಚಿಲಕದ ಜಾಗದಲ್ಲಿ ತೂತು, ಕೈ ತಾಗಿ ತಾಗಿ ನುಣುಪಾದ ಅಂಚು. ಇಷ್ಟು ದಿನ ಅದರ ಮೇಲೆ ಮಲಗಿದ್ದೆ. ಹೆಂಡತಿಯ ಪೆಟ್ಟಿಗೆ ದಾಟಿದ ಬಾಗಿಲು, ಆವತ್ತು ಅವಳನ್ನು ಮುಟ್ಟಿದ ಕೈಗಳೆಲ್ಲ ಒರಗಿದ ಮರ. ಬೇರೆ ಎಲ್ಲಿಯೂ ನನಗೆ ನಿದ್ದೆ ಬರುತ್ತಿರಲಿಲ್ಲ. ಇದನ್ನು ಫಾದರ್‌ಗೆ ಹೇಳಿದೆ. ಅವರು ನೆಲದ ಮೇಲೆ ಕೂತುಬಿಟ್ಟರು.

"ಹಾಗಾದರೆ ಬೇಡ ಬಸ್ತಿಯಣ್ಣ. ನಿಮ್ಮ ಹತ್ರಾನೇ ಇರಲಿ."

"ತಗೊಂಡು ಹೋಗಿ ಫಾದರ್" ಎಂದೆ. "ಬಾಗಿಲು ಬಾಗಿಲಿನ ಜಾಗದಲ್ಲೇ ಇರಬೇಕು. ಆದರೆ ಚೌಕಟ್ಟು ಎತ್ತರ ಮಾಡಬೇಡಿ."

ಇಂಜಿನಿಯರ್‌ಗೆ ಎತ್ತರ ಮಾಡುವ ಆಸೆ ಇತ್ತು. ಕದದ ಅಳತೆ ನನ್ನ ಪರವಾಗಿ ವಾದಿಸಿತು. ಬಾಗಿಲು ಮೊದಲಿನಷ್ಟೇ ತಗ್ಗಾಗಿ ನಿಂತಿದೆ. ಈಗ ಅಲ್ಲಿಂದ ಲೈನಿನವರು ಮಾತ್ರ ಬರುತ್ತಾರೆಂದಿಲ್ಲ, ಬೇಕಾದವರು ಬರುತ್ತಾರೆ, ತಲೆ ಬಗ್ಗಿಸಿ. ಹೊಸದಾಗಿ ಬಂದವರು ಮೊದಲ ವಾರ ಹಣೆ ಬಡಿಸಿಕೊಳ್ಳುತ್ತಾರೆ. ಬಾಗಿಲ ಪಕ್ಕದಲ್ಲಿ ಒಂದು ಗಿಡ್ಡ ಬೆಂಚು ಹಾಕಿಸಿದ್ದಾರೆ. ಯಾರ ಮನೆಯದೂ ಅಲ್ಲದ ಬೆಂಚು. ಅದರ ತುದಿಯಲ್ಲಿ ನಾನು ಕೂರುತ್ತೇನೆ, ಪಕ್ಕದಲ್ಲಿ ಸುನಿಲ್, ಅವನ ಹೆಂಡತಿ. ಕಾಫಿ ತರುವ ಕೆಲಸ ಈಗ ನನ್ನದು.

ಮನೆಯಲ್ಲಿ ಈಗ ಕಬ್ಬಿಣದ ಮಂಚವಿದೆ, ಫಾದರ್ ಕೊಡಿಸಿದ್ದು. ನಿದ್ದೆ ಸರಿಯಾಗಿ ಬರುವುದಿಲ್ಲ. ಮೊನ್ನೆ ಸುನಿಲನನ್ನು ಬಾಗಿಲ ಬಳಿ ನಿಲ್ಲಿಸಿ, ನನ್ನ ದಿನ ಬಂದಾಗ ಹೆಗಲಿಂದ ಕೈಗೆ ಹೇಗೆ ಇಳಿಸಬೇಕು, ಎಲ್ಲಿ ನಿಲ್ಲಬೇಕು ಎಂದು ಕೈಸನ್ನೆಯಲ್ಲೇ ತೋರಿಸಿಕೊಟ್ಟೆ. "ಆಗ ನೀನು ಮುಟ್ಟಬೇಕು, ಮರೀಬೇಡ" ಎಂದೆ. ಅವನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಬಾಗಿಲನ್ನು ನೋಡಿದ, ನನ್ನನ್ನು ನೋಡಿದ, ನನ್ನ ಹೆಗಲ ಮೇಲೆ ಕೈ ಇಟ್ಟ. ಆಮೇಲೆ ಕಾಫಿ ತಣ್ಣಗಾಗುತ್ತದೆ ಎಂದು ಲೋಟ ತೋರಿಸಿದ.